ಇಂಗಿನ ಡಬ್ಬಿಯ ನಾಲ್ಕು ಮಾತ್ರೆ

ನಾಲ್ಕು ವರ್ಷದಿಂದ ಸೀತಾಲಕ್ಷ್ಮಿಯ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವ ಮೊದಲೇ ಆಗಬೇಕಾದ ಕೆಲಸವೊಂದಿತ್ತು. ಗಂಡ ಜನಾರ್ದನ ಭಟ್ಟರಿಗೆ ನೋವಿನ ಮಾತ್ರೆ ಕೊಡಬೇಕು. ಭದ್ರಾವತಿಯಲ್ಲಿ ಒಂದು ಗೃಹಪ್ರವೇಶ ಮಾಡಿಸಿ ಬರುವಾಗ ಅವರು ಸ್ಕೂಟರಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಮೂಳೆ ಕೂಡಿತು, ನೋವೂ ಹೋಯಿತು. ಮಾತ್ರೆ ಮಾತ್ರ ಹೋಗಲಿಲ್ಲ. ದಿನಕ್ಕೆ ಎರಡು ಇದ್ದದ್ದು ನಾಲ್ಕಾಗಿ, ಆರಾಗಿ, ಈಗ ಹನ್ನೆರಡಕ್ಕೆ ಬಂದು ನಿಂತಿತ್ತು. ಒಂದು ಹೊತ್ತಿನದು ತಪ್ಪಿದರೆ ಮೂಗು ಸೋರುವುದು, ಕಾಲು ತನ್ನಷ್ಟಕ್ಕೆ ಒದೆಯುವುದು, ಹೊಟ್ಟೆ ಹಿಂಡುವುದು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಭಟ್ಟರು ಎಂದಿನ ಭಟ್ಟರೇ. ಕೋಟೆಯಿಂದ ದುರ್ಗಿಗುಡಿಯವರೆಗೆ ಅರ್ಧ ಊರಿನ ನಾಮಕರಣ, ಉಪನಯನ, ಶ್ರಾದ್ಧ ಎಲ್ಲ ಅವರದೇ ಬಾಯಲ್ಲಿ ಆಗಬೇಕು.

ಇದು ಬೆನ್ನುನೋವಲ್ಲ ಎಂದು ಮೊದಲು ಬಾಯಿಬಿಟ್ಟು ಹೇಳಿದವಳು ಸೊಸೆ ಕವನಾ. ಅವಳು ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಮಗ ವಿಷ್ಣುಪ್ರಸಾದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸೊಸೆ ಹೇಳಿದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

"ಮಾವ, ನಿಮಗೆ ನೋವಿಲ್ಲ. ಮಾತ್ರೆ ಬಿಟ್ರೆ ಬರೋ ಸಂಕಟಕ್ಕೆ ಮಾತ್ರೆ ತಗೋತಿದೀರ."

"ಅಂದ್ರೆ ನಾನು ಕುಡುಕನಾ?" ಎಂದು ಭಟ್ಟರು ಕೇಳಿದರು.

"ಕಾಯಿಲೆ ಅಂದೆ ನಾನು. ಔಷಧಿ ಇದೆ ಅಂತಾನೂ ಹೇಳ್ತಿದೀನಿ."

ಸೀತಾಲಕ್ಷ್ಮಿಗೆ ಸೊಸೆಯ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಹುಡುಗಿ ಆಸ್ಪತ್ರೆಯಿಂದ ಬಂದವಳು ಸ್ನಾನ ಮಾಡದೆ ಒಲೆ ಹತ್ತಿರ ಬರುತ್ತಾಳೆ, ಕೇಳಿದ್ದಕ್ಕೆ ತಿರುಗಿಸಿ ಉತ್ತರ ಕೊಡುತ್ತಾಳೆ, ಹೇಳಿದ್ದು ಹತ್ತಕ್ಕೆ ಒಂಬತ್ತು ಸಲ ಸರಿಯೂ ಇರುತ್ತದೆ. ಆ ಕೊನೆಯದೇ ಹೆಚ್ಚು ಚುಚ್ಚುತ್ತಿತ್ತು.

ಎರಡು ತಿಂಗಳು ಜಗಳವಾಡಿ ಕೊನೆಗೆ ಎಲ್ಲರೂ ಡಾಕ್ಟರ್ ಜ್ಞಾನೇಶ್ ಅವರ ಹತ್ತಿರ ಹೋದರು. ಅವರು ಈ ಚಟ ಬಿಡಿಸುವ ಡಾಕ್ಟರು, ಮೆತ್ತಗೆ ಮಾತಾಡುವ ಮನುಷ್ಯ.

"ನಾಲಿಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ ಇದು ಭಟ್ರೇ. ಸಂಕಟ ಬರದ ಹಾಗೆ ಹಿಡಿದಿಡತ್ತೆ. ಆದರೆ ಶುರು ಮಾಡೋವಾಗ ಒಂದೇ ಒಂದು ಎಚ್ಚರ. ಹಳೇ ಮಾತ್ರೆ ಮೈಯಲ್ಲಿ ಕೂತಿರುವಾಗ ಇದನ್ನ ಕೊಟ್ರೆ, ಇದು ಹೋಗಿ ಅದನ್ನ ಕುರ್ಚಿಯಿಂದ ಎಬ್ಬಿಸಿ ತಾನು ಕೂತುಬಿಡತ್ತೆ. ಮೂರು ದಿನಕ್ಕೆ ಹಂಚಿ ಬರೋ ಸಂಕಟ ಒಂದೇ ಗಂಟೆಯಲ್ಲಿ ಬಂದು ಬೀಳತ್ತೆ. ಅದಕ್ಕೇ ಕಾಯಬೇಕು. ಕೊನೆ ಮಾತ್ರೆ ಆಗಿ ಒಂದು ದಿನ ಕಳೀಲಿ. ಆಕಳಿಕೆ, ಕಣ್ಣಲ್ಲಿ ನೀರು, ಸೋರೋ ಮೂಗು, ಮೈಮೇಲೆ ಮುಳ್ಳು, ದೊಡ್ಡದಾದ ಕಣ್ಣುಪಾಪೆ, ಇಷ್ಟೂ ಕಾಣಬೇಕು. ಆಮೇಲೆ ಇದು."

ಮನೆಯಲ್ಲೇ ನರ್ಸ್ ಇದ್ದದ್ದರಿಂದ ಮನೆಯಲ್ಲೇ ಶುರು ಮಾಡಿ ಫೋನ್ ಮಾಡಿ ಎಂದರು. ಮೂರು ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಕವನಾ ಮನೆಯಲ್ಲಿದ್ದ ಹಳೆಯ ಮಾತ್ರೆಗಳನ್ನೆಲ್ಲ ಎಣಿಸಿ ತನ್ನ ಬೀರುವಿನಲ್ಲಿ ಬೀಗ ಹಾಕಿಟ್ಟಳು. ಹಾಗೆಂದು ಅವಳು ತಿಳಿದಿದ್ದಳು. ಇಂಗಿನ ಡಬ್ಬಿಯ ತಳದಲ್ಲಿ, ಕಾಗದದಲ್ಲಿ ಸುತ್ತಿದ ನಾಲ್ಕು ಮಾತ್ರೆ ಸೀತಾಲಕ್ಷ್ಮಿಯ ಹತ್ತಿರ ಉಳಿದಿದ್ದವು. ಕೊಡಬೇಕೆಂದು ಇಟ್ಟದ್ದಲ್ಲ. ಆಪತ್ತಿಗಿರಲಿ ಎಂದು ಇಟ್ಟದ್ದು.

ಬುಧವಾರ ಸಂಜೆ ಆರಕ್ಕೆ ಕೊನೆಯ ಮಾತ್ರೆ ಎಂದಾಯಿತು. ಅದನ್ನು ನುಂಗಿ ಭಟ್ಟರು ನೀರಿನ ಲೋಟ ಕೆಳಗಿಡುವ ಹೊತ್ತಿಗೆ ಭದ್ರಾವತಿಯಿಂದ, ಭಟ್ಟರೇ ಪುರೋಹಿತರಾಗಿದ್ದ ಮನೆಯ ಸುಘೋಷನ ಫೋನು ಬಂತು. ಗುರುವಾರ ಅವನ ತಾಯಿಯ ಶ್ರಾದ್ಧ. ಭಟ್ಟರು ಬದಲಿಗೆ ಒಪ್ಪಿಸಿದ್ದ ಪುರೋಹಿತರಿಗೆ ಸೂತಕ ಬಂದುಬಿಟ್ಟಿದೆ. ತಿಥಿ ಮುಂದಕ್ಕೆ ಹಾಕುವ ಹಾಗಿಲ್ಲ. ನಾಳೆಗೆ ಇನ್ನೊಬ್ಬರನ್ನು ಎಲ್ಲಿಂದ ತರುವುದು?

"ಹೋಗ್ತೀನಿ" ಎಂದರು ಭಟ್ಟರು.

"ಹಾಗಾದ್ರೆ ಔಷಧಿ ಮುಂದಿನ ವಾರ ಶುರು ಮಾಡೋಣ ಮಾವ" ಎಂದಳು ಕವನಾ. "ನಾಳೆ ನಾಲ್ಕು ಗಂಟೆ ಕೂತು ಮಂತ್ರ ಹೇಳೋಕೆ ನಿಮ್ಮ ಕೈಲಿ ಆಗಲ್ಲ."

"ಆಗತ್ತೆ. ಎರಡೂ ಆಗತ್ತೆ. ಇವತ್ತು ಬಿಟ್ಟೆ ಅಂದ್ರೆ ಬಿಟ್ಟೆ."

"ಸರಿ. ಆದರೆ ಒಂದು ಮಾತು. ತಡೆಯೋಕೆ ಆಗಲಿಲ್ಲ ಅಂತ ಮಾತ್ರೆ ತಗೊಂಡ್ರೆ ಯಾರೂ ಬೈಯಲ್ಲ. ನನಗೆ ಹೇಳಿಬಿಡಿ, ಅಷ್ಟೇ. ಮುಚ್ಚಿಡಬೇಡಿ. ಅತ್ತೆ, ನಿಮಗೂ ಹೇಳ್ತಿದೀನಿ."

"ನಂಗ್ಯಾಕೆ ಹೇಳ್ತೀಯ ಮಾರಾಯ್ತಿ, ಬೀಗ ನಿನ್ನ ಹತ್ರ ಇದೆಯಲ್ಲ" ಎಂದಳು ಸೀತಾಲಕ್ಷ್ಮಿ.

ಬೆಳಿಗ್ಗೆ ಕವನಾ ಡ್ಯೂಟಿಗೆ ಹೊರಟ ಮೇಲೆ ಭಟ್ಟರು ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಎರಡು ಸಲ ವಾಂತಿಯಾಗಿತ್ತು. ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಮೊಣಕಾಲು ಗಡಗಡ ನಡುಗುತ್ತಿತ್ತು. ಎಂಟೂವರೆ ಬಸ್ಸು ಹಿಡಿಯಬೇಕು.

"ಸೀತಾ, ಹೇಗಾದರೂ ಮಾಡು. ಅವನ ತಾಯಿಗೆ ಪಿಂಡ ಇಡಿಸೋ ಹೊತ್ತಿಗೆ ನಾನೇ ಬಿದ್ದರೆ?"

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯ ಮುಂದೆ ಕೈ ಚಾಚಿದ್ದು ಅದೇ ಮೊದಲು. ಅವಳಿಗೆ ತಡೆಯಲಾಗಲಿಲ್ಲ. ಅಯ್ಯೋ ಎನ್ನಿಸಿತು, ಅಷ್ಟೇ. ಇಂಗಿನ ಡಬ್ಬಿ ತೆಗೆದಳು. ಎರಡನ್ನು ಆಗಲೇ ಕೊಟ್ಟಳು. ಎರಡನ್ನು ಶಲ್ಯದ ಅಂಚಿಗೆ ಗಂಟು ಹಾಕಿ, "ಕೂರೋ ಮೊದಲು ತಗೊಳ್ಳಿ" ಎಂದಳು.

"ಕವನಂಗೆ ಗೊತ್ತಾಗೋದು ಬೇಡ" ಎಂದರು ಭಟ್ಟರು. "ಅಮಲಿನ ಮಾತ್ರೆ ನುಂಗಿ ಶ್ರಾದ್ಧ ಮಾಡಿಸಿದ ಅಂತ ಒಬ್ಬರ ಕಿವಿಗೆ ಬಿದ್ರೂ ಸಾಕು, ಇನ್ನೊಂದು ಮನೆ ಹೊಸಿಲು ತುಳಿಯೋ ಹಾಗಿಲ್ಲ."

"ನಾನ್ಯಾಕೆ ಹೇಳಲಿ?"

ಸಂಜೆ ನಾಲ್ಕೂವರೆಗೆ ಭಟ್ಟರು ವಾಪಸು ಬಂದರು. ಸುಘೋಷನ ಮನೆ ಹಿಂಭಾಗದ ಸಣ್ಣ ಕೋಣೆಯಲ್ಲಿ ಹಸಿ ಸೌದೆಯ ಅಗ್ನಿಯ ಮುಂದೆ ಕೂತು ಕಣ್ಣು ಕೆಂಡದ ಹಾಗಾಗಿತ್ತು, ಮೂಗು ಸೋರುತ್ತಿತ್ತು. ನಿದ್ದೆಗೆಟ್ಟದ್ದಕ್ಕೆ ಒಂದರ ಹಿಂದೊಂದು ಆಕಳಿಕೆ. ಬಂದವರೇ ಬಾವಿಯ ತಣ್ಣೀರು ನಾಲ್ಕು ಕೊಡ ತಲೆಯ ಮೇಲೆ ಸುರಿದುಕೊಂಡರು. ಒದ್ದೆ ಪಂಚೆಯಲ್ಲಿ ಹಜಾರಕ್ಕೆ ಬಂದಾಗ ತೋಳಿನ ರೋಮವೆಲ್ಲ ನೆಟ್ಟಗೆ ನಿಂತಿತ್ತು. ಡ್ಯೂಟಿ ಮುಗಿಸಿ ಬಂದು ಕೂತಿದ್ದ ಕವನಾ ಕೈಯಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ನೋಡಿದಳು. ಆಕಳಿಕೆ ಇದೆ. ಕಣ್ಣಲ್ಲಿ ನೀರಿದೆ. ಮೂಗು ಸೋರುತ್ತಿದೆ. ಮೈಮೇಲೆ ಮುಳ್ಳೆದ್ದಿದೆ.

"ಕಣ್ಣು ಹೊಗೆಗೆ ಹೀಗಾಗಿದ್ಯಾ ಮಾವ?"

"ನಲವತ್ತು ವರ್ಷದಿಂದ ಹೊಗೆ ಕುಡಿದಿದೀನಿ. ಇದು ಅದಲ್ಲ. ಮೈಯೆಲ್ಲ ಹಿಂಡ್ತಿದೆ. ಕೊಡಮ್ಮ, ಒಂದು ಸಲ ಮುಗಿಸಿಬಿಡೋಣ."

"ನಿನ್ನೆ ಆರು ಗಂಟೆಯಿಂದ ಏನೂ ತಗೊಂಡಿಲ್ಲ ತಾನೆ?"

"ಇಲ್ಲ."

ಅವಳು ಅಡುಗೆಮನೆಗೆ ಬಂದಳು. ಸೀತಾಲಕ್ಷ್ಮಿ ಹರಿವೆ ಸೊಪ್ಪು ಸೋಸುತ್ತಿದ್ದಳು.

"ಅತ್ತೆ, ಬೆಳಿಗ್ಗೆ ನಾನು ಹೋದ ಮೇಲೆ ಏನಾದ್ರೂ ಕೊಟ್ರಾ?"

"ಇಲ್ಲ" ಎಂದಳು ಸೀತಾಲಕ್ಷ್ಮಿ. ಸೊಪ್ಪಿನಿಂದ ತಲೆ ಎತ್ತಲಿಲ್ಲ. ನಾಲ್ಕೇ ಮಾತ್ರೆಯಲ್ಲವೇ, ಅಷ್ಟರಲ್ಲಿ ಏನಾದೀತು ಎಂದುಕೊಂಡಳು. ಡಾಕ್ಟರುಗಳು ಹೆದರಿಸುವುದು ಇದ್ದದ್ದೇ.

ಆರೂವರೆಗೆ ಕವನಾ ಮಾತ್ರೆಯ ಚೂರನ್ನು ಮಾವನ ನಾಲಿಗೆಯ ಕೆಳಗಿಟ್ಟಳು. ಏಳು ಗಂಟೆಗೆ ಭಟ್ಟರ ಹಣೆಯಲ್ಲಿ ಬೆವರು ಕಾಣಿಸಿತು. ಏಳೂಕಾಲಿಗೆ ಅವರು ಹಾಸಿಗೆಯಿಂದ ಕೆಳಕ್ಕುರುಳಿ ಬಿದ್ದು, ಹೊಟ್ಟೆ ಹಿಡಿದುಕೊಂಡು ಕೂಗುತ್ತಿದ್ದರು. ವಾಂತಿ, ಭೇದಿ ಎರಡೂ ಒಟ್ಟಿಗೆ. ಮಡಿಯಲ್ಲಿ ಬದುಕಿದ ಮನುಷ್ಯ ತಮ್ಮದೇ ಹೊಲಸಿನಲ್ಲಿ ಹೊರಳಾಡಿದರು. "ಕೊಂದಳು, ನನ್ನನ್ನು ಕೊಂದಳು" ಎಂದು ಪಕ್ಕದ ಮನೆಯವರು ಗೇಟಿನವರೆಗೆ ಬರುವಷ್ಟು ಕೂಗಿದರು. ವಿಷ್ಣು ಆಟೋ ತಂದ. ಎರಡು ದಿನ ಆಸ್ಪತ್ರೆಯಲ್ಲಿ ಗ್ಲುಕೋಸ್ ಬಾಟಲಿ ಹಾಕಿ ಮಲಗಿಸಿದರು.

ಡಾಕ್ಟರ್ ಜ್ಞಾನೇಶ್ ಬಂದು ನೋಡಿ ಒಂದೇ ಪ್ರಶ್ನೆ ಕೇಳಿದರು: "ಮಧ್ಯೆ ಏನಾದ್ರೂ ತಗೊಂಡಿದ್ರಾ?"

ಭಟ್ಟರು ಕಣ್ಣು ಮುಚ್ಚಿಕೊಂಡರು. ಸೀತಾಲಕ್ಷ್ಮಿ ಸೆರಗಿನಿಂದ ಅವರ ಬಾಯಿ ಒರೆಸಿದಳು. ಕವನಾ ಹೇಳಿದಳು, "ಇಲ್ಲ ಸರ್. ಬೀರು ಬೀಗ ನನ್ನ ಹತ್ರಾನೇ ಇತ್ತು. ಒಂದೂ ಕಮ್ಮಿಯಾಗಿಲ್ಲ."

ಬೀಗ ಭದ್ರವಾಗಿತ್ತು, ಮಾತ್ರೆ ಲೆಕ್ಕ ಸರಿಯಿತ್ತು. ಹಾಗಾಗಿ ತಪ್ಪು ಹೋಗಿ ಕೂತುಕೊಳ್ಳಲು ಕವನಾಳ ತಲೆಯೊಂದೇ ಉಳಿಯಿತು.

"ನೀನೇ ಅಲ್ವಾ ತಂದಿದ್ದು ಆ ಔಷಧಿ?" ವಿಷ್ಣು ಊಟದ ತಟ್ಟೆ ತಳ್ಳಿ ಕೇಳಿದ. "ಅಪ್ಪ ಚೆನ್ನಾಗಿದ್ರು. ಓಡಾಡ್ತಿದ್ರು."

"ದಿನಕ್ಕೆ ಹನ್ನೆರಡು ಮಾತ್ರೆ ನುಂಗೋದು ಚೆನ್ನಾಗಿರೋದಾ?"

"ಸಾಯ್ತಿರಲಿಲ್ಲವಲ್ಲ! ಎಷ್ಟು ಕೊಡಬೇಕು ಅಂತ ಗೊತ್ತಿತ್ತೋ ಇಲ್ವೋ ನಿನಗೆ?"

"ಅಮ್ಮಾ, ಸಾರು ಹಾಕು" ಎಂದು ತಟ್ಟೆ ಮತ್ತೆ ಎಳೆದುಕೊಂಡು ಅವನೇ ಮಾತು ಮುರಿದ. ಸೀತಾಲಕ್ಷ್ಮಿ ಸಾರು ಬಡಿಸಿದಳು. ಬಾಯಿ ತೆರೆದರೆ ಗಂಡನ ಮಾನ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೇ. ಆದರೆ ಎದೆಯ ಒಂದು ಮೂಲೆಯಲ್ಲಿ ಸಣ್ಣ ಸಮಾಧಾನವೂ ಇತ್ತು; ಈ ಹುಡುಗಿ ಒಮ್ಮೆಯಾದರೂ ತಪ್ಪಿದಳಲ್ಲ ಎಂದು. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಮಾತು ಮನೆಯ ಗೋಡೆ ದಾಟಿತು. ನರ್ಸ್ ಸೊಸೆ ಮಾವನಿಗೆ ಏನೋ ತಪ್ಪು ಔಷಧಿ ಕೊಟ್ಟಳಂತೆ ಎಂಬುದು ದುರ್ಗಿಗುಡಿಯಿಂದ ಅವಳ ನರ್ಸಿಂಗ್ ಹೋಮಿಗೆ ತಲುಪಲು ನಾಲ್ಕು ದಿನವೂ ಬೇಕಾಗಲಿಲ್ಲ. ಅಲ್ಲಿ ಅವಳ ಕೈಯಿಂದ ಔಷಧಿ ಕೊಡುವ ಕೆಲಸ ತೆಗೆದು ರಿಜಿಸ್ಟರ್ ಬರೆಯಲು ಕೂರಿಸಿದರು. ಮೂರನೆಯ ವಾರ ಕವನಾ ಎರಡು ಬ್ಯಾಗು ತುಂಬಿಕೊಂಡು ಭದ್ರಾವತಿ ಹಳೇನಗರದ ತಾಯಿಯ ಮನೆಗೆ ಹೊರಟಳು. ಡ್ಯೂಟಿಗೆ ಅಲ್ಲಿಂದಲೇ ಓಡಾಡುತ್ತೇನೆ ಎಂದಳು. ಹೋಗುವಾಗ ಬೀರುವಿನ ಬೀಗದ ಕೈಯನ್ನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟು ಹೋದಳು.

ಬೀಗದ ಕೈ ಸಿಕ್ಕ ಮೇಲೆ ಭಟ್ಟರನ್ನು ಹಿಡಿಯುವವರಿಲ್ಲ. ಅದುವರೆಗೆ ಅವಳು ದಿನಾ ಎಣಿಸಿ ಕೊಡುತ್ತಿದ್ದ ಹಳೆಯ ಹನ್ನೆರಡು ಹದಿನಾರಾಯಿತು. ಬೀರು ಖಾಲಿಯಾದ ಮೇಲೆ ಎಲ್ಲಿಂದ ತರುತ್ತಿದ್ದರೋ ಹೇಳುತ್ತಿರಲಿಲ್ಲ. ಕೋಟೆಯ ಒಂದು ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಕಥೆಯ ಮೂರನೆಯ ಅಧ್ಯಾಯವನ್ನು ಎರಡು ಸಲ ಓದಿದರು. ಮಕ್ಕಳು ನಕ್ಕವು. ಹಿರಿಯರು ನಗಲಿಲ್ಲ. ಆರನೆಯ ವಾರ ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತವರು ಕಣ್ಣು ಮೇಲಕ್ಕೆ ಮಾಡಿ ಸೆಟೆದುಕೊಂಡು ಬಿದ್ದರು. ಬಾಯಲ್ಲಿ ನೊರೆ. ಹಲ್ಲಿನ ನಡುವೆ ನಾಲಿಗೆ ಸಿಕ್ಕಿ ರಕ್ತ ಬಿಳಿ ಪಂಚೆಯ ಮೇಲೆ ಇಳಿಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರ್ ಜ್ಞಾನೇಶ್ ಸೀತಾಲಕ್ಷ್ಮಿಯನ್ನು ಒಬ್ಬಳನ್ನೇ ನಿಲ್ಲಿಸಿ ಹೇಳಿದರು.

"ಈ ಮಾತ್ರೆ ಅತಿಯಾದ್ರೆ ಹೀಗೇ ಫಿಟ್ಸ್ ಬರತ್ತೆ. ಇನ್ನೊಂದು ಸಲ ಬಂದ್ರೆ ಏಳ್ತಾರೆ ಅಂತ ನಾನು ಹೇಳಲಾರೆ ಅಮ್ಮ. ಆ ಔಷಧಿ ಬಿಟ್ರೆ ಬೇರೆ ದಾರಿ ಇಲ್ಲ. ಆದರೆ ಅವತ್ತು ಯಾಕೆ ಹಾಗಾಯ್ತು ಅಂತ ಗೊತ್ತಾಗದೆ ಇವರು ಅದನ್ನ ಬಾಯಿಗೆ ಇಡಲ್ಲ. ನಿಮ್ಮ ಮಗನೂ ಇಡಿಸಲ್ಲ. ನನ್ನ ಅನುಭವದಲ್ಲಿ ಅದಕ್ಕೆ ಒಂದೇ ಕಾರಣ ಇರತ್ತೆ."

ಅವರು ಕಾರಣ ಏನೆಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಮಾರನೆಯ ದಿನ ಸೀತಾಲಕ್ಷ್ಮಿ ಒಬ್ಬಳೇ ಭದ್ರಾವತಿಯ ಬಸ್ಸು ಹತ್ತಿದಳು. ಕೈಚೀಲದಲ್ಲಿ ಖಾಲಿ ಇಂಗಿನ ಡಬ್ಬಿ ಇತ್ತು. ಯಾಕೆ ಹಾಕಿಕೊಂಡಳೋ ಅವಳಿಗೇ ತಿಳಿಯದು. ಬೀಗಿತ್ತಿ ಪದ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬನ್ನಿ ಎಂದಳು, ಆದರೆ ಎದ್ದು ನಿಲ್ಲಲಿಲ್ಲ. ಕವನಾ ಒಳಗಿನಿಂದ ಬಂದು ಬಾಗಿಲಿಗೆ ಒರಗಿದಳು.

"ಮಾವ ಹೇಗಿದಾರೆ?"

"ಇದಾರೆ." ಸೀತಾಲಕ್ಷ್ಮಿ ಡಬ್ಬಿ ತೆಗೆದು ಅವರೆಕಾಯಿ ಸಿಪ್ಪೆಯ ಪಕ್ಕ ಇಟ್ಟಳು. "ಇದರಲ್ಲಿ ನಾಲ್ಕಿತ್ತು ಕವನಾ. ಅವತ್ತು ಬೆಳಿಗ್ಗೆ ಎರಡು ಕೊಟ್ಟೆ. ಇನ್ನೆರಡು ಶಲ್ಯಕ್ಕೆ ಕಟ್ಟಿ ಕಳಿಸಿದೆ. ಮಧ್ಯಾಹ್ನ ಕೂರೋ ಮೊದಲು ತಗೊಂಡಿದಾರೆ."

ಪದ್ಮಮ್ಮನ ಕೈ ನಿಂತಿತು. ಕವನಾ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು.

"ನಾನು ಕೇಳಿದ್ದೆ ನಿಮ್ಮನ್ನ."

"ಕೇಳಿದ್ದೆ."

"ಸೊಪ್ಪು ಸೋಸ್ತಿದ್ರಿ."

"ಹೂಂ."

"ಕಣ್ಣಿನ ಪಾಪೆ ಚಿಕ್ಕದಿತ್ತು ಅತ್ತೆ" ಎಂದಳು ಕವನಾ. "ದೊಡ್ಡದಾಗಿರಬೇಕಿತ್ತು. ನಾನು ನೋಡಿದ್ದೆ. ಟ್ಯೂಬ್‌ಲೈಟ್ ಬೆಳಕಿಗಿರಬೇಕು ಅಂದ್ಕೊಂಡೆ. ನೀವು ಇಲ್ಲ ಅಂದ್ರಲ್ಲ, ಅದಕ್ಕೆ. ಆರು ವಾರದಿಂದ ದಿನಾ ಅದೇ ಕಣ್ಣು ಕಾಣತ್ತೆ ನಂಗೆ. ನನ್ನ ಕೈಯಾರೆ ಕೊಲ್ತಿದ್ದೆ ಅಂತ."

"ನನ್ನ ಮಗಳ ಕೆಲಸಾನೂ ಹೋಗೋ ಹಾಗಾಯ್ತಲ್ರೀ" ಎಂದಳು ಪದ್ಮಮ್ಮ. "ಒಂದು ಮಾತು ಹೇಳೋಕೆ ಆರು ವಾರ ಬೇಕಾಯ್ತಾ ನಿಮಗೆ?"

ಸೀತಾಲಕ್ಷ್ಮಿ ಬಿದ್ದಿದ್ದ ಅವರೆಕಾಯಿ ಸಿಪ್ಪೆಯನ್ನು ಕೈಯಿಂದ ಒಟ್ಟುಗೂಡಿಸಿದಳು. ಏನು ಹೇಳಿದರೂ ಸುಳ್ಳಾಗುತ್ತಿತ್ತು.

"ಈ ಮಾತನ್ನ ನಿಮ್ಮ ಮಗನಿಗೆ ಹೇಳಿ. ಇಲ್ಲಿಂದಲೇ, ನಮ್ಮಮ್ಮನ ಎದುರಿಗೆ" ಎಂದು ಕವನಾ ಫೋನ್ ಒತ್ತಿ, ಸ್ಪೀಕರ್ ಹಾಕಿ ಹಿಡಿದಳು. ಸೀತಾಲಕ್ಷ್ಮಿ ಮತ್ತೆ ಹೇಳಿದಳು. ಆ ಕಡೆಯಿಂದ ಶಾಲೆಯ ಮಕ್ಕಳ ಗಲಾಟೆಯಷ್ಟೇ ಕೇಳಿಸಿತು.

"ಅಮ್ಮಾ" ಎಂದ ವಿಷ್ಣು ಕೊನೆಗೆ. "ಅವಳು ಮನೆ ಬಿಡೋವರೆಗೆ ನಾನು ಅವಳಿಗೆ ಏನೇನು ಅಂದೆ. ನೀನು ಬಡಿಸ್ತಾ ನಿಂತಿದ್ದೆ." ಫೋನು ಇಟ್ಟ.

ಆಸ್ಪತ್ರೆಯ ಮಂಚದ ಮೇಲಿದ್ದ ಭಟ್ಟರು ಸುದ್ದಿ ಕೇಳಿ ಎರಡು ದಿನ ಹೆಂಡತಿಯ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ. ನನ್ನ ಮಾನ ಕಳೆದೆ ನೀನು ಎಂದರು. ಮೂರನೆಯ ದಿನ ಏನನ್ನಿಸಿತೋ, ಸುಘೋಷನಿಗೆ ತಾವೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರು. ಸುಘೋಷ ಹೇಳಿದನಂತೆ: "ಅವತ್ತೇ ಅನುಮಾನ ಬಂದಿತ್ತು ಭಟ್ರೇ. ನಮ್ಮಮ್ಮನ ಹೆಸರು ಹೇಳೋ ಕಡೆ ನನ್ನ ಹೆಂಡತಿ ಹೆಸರು ಹೇಳಿದ್ರಿ. ಅವಳು ಬದುಕಿದಾಳೆ. ಹೇಗೆ ಕೇಳೋದು ಅಂತ ಸುಮ್ಮನಾದೆ. ಹುಷಾರಾಗಿ. ಮುಂದಿನ ವರ್ಷ ಮಾತ್ರ ಬೇರೆಯವರಿಗೆ ಹೇಳ್ತೀನಿ." ಯಾವ ಮಾತು ಹೊರಬೀಳಬಾರದೆಂದು ಒಂದು ಮನೆ ಮುರಿಯಿತೋ ಆ ಮಾತು ಸುಘೋಷನ ಮನೆಯಲ್ಲಿ ಮೊದಲ ದಿನವೇ ಗೊತ್ತಿತ್ತು.

ಎರಡನೆಯ ಸಲ ಶುರು ಮಾಡುವುದು ಕ್ಲಿನಿಕ್ಕಿನಲ್ಲೇ, ತಮ್ಮ ಕಣ್ಣೆದುರಿಗೇ ಎಂದರು ಡಾಕ್ಟರು. ಆದರೆ ಕಾಯುವ ಹೊತ್ತು ಮನೆಯಲ್ಲಿಯೇ. ಕಾಯಬೇಕಾದವಳು ಸೀತಾಲಕ್ಷ್ಮಿ. ವಿಷ್ಣು ಮನೆಯ ಡಬ್ಬಿ ಡಬ್ಬಿಯನ್ನೂ ತೆಗೆದು ನೋಡಿದ. ಅಕ್ಕಿಯೊಳಗೆ ಕೈ ಹಾಕಿದ, ದೇವರ ಪೀಠ ಎತ್ತಿ ನೋಡಿದ. ತಾಯಿಯ ಸೊಂಟದ ಚೀಲವನ್ನೂ ಕೇಳಿ ಇಸಿದುಕೊಂಡ. ಅವಳು ಬಿಚ್ಚಿಕೊಟ್ಟಳು.

ಬೆಳಿಗ್ಗೆ ಹತ್ತರ ಹೊತ್ತಿಗೆ ಭಟ್ಟರ ಹಲ್ಲು ಕಟಕಟಿಸತೊಡಗಿತು.

"ಸೀತಾ, ಒಂದೇ ಒಂದು. ಅರ್ಧ. ನಿನ್ನ ಹತ್ರ ಇರತ್ತೆ, ನಂಗೊತ್ತು."

"ಇಲ್ಲರೀ."

"ಅವತ್ತು ಕೊಟ್ಟೆ. ಇವತ್ತು ಯಾರ ಮಾತು ಕೇಳ್ತಿದೀಯ? ನಾನು ಸತ್ರೆ ಸಾಕಾ ನಿಂಗೆ?"

ಅವಳು ಗಂಜಿ ತಂದಳು. ಅವರು ಬಟ್ಟಲನ್ನು ಗೋಡೆಗೆಸೆದರು. ಅವಳು ಒರೆಸಿದಳು. ಮುದುಕಿ, ರಾಕ್ಷಸಿ, ಹಡಬೆ ಎಂದೆಲ್ಲ ಬೈದರು. ಆ ಬಾಯಲ್ಲಿ ಅಂಥ ಮಾತು ಅವಳು ಕೇಳಿದ್ದೇ ಇಲ್ಲ. ಬಯ್ಗುಳವನ್ನು ತಡೆದುಕೊಂಡಳು. ಆಮೇಲೆ ಅವರು ಮಗುವಿನ ಹಾಗೆ ಅವಳ ಸೆರಗು ಹಿಡಿದು ಅತ್ತಾಗ ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅವತ್ತು ಮಾತ್ರೆ ಕೊಟ್ಟದ್ದಕ್ಕಿಂತ ಇವತ್ತು ಏನೂ ಕೊಡದಿರುವುದೇ ಕಷ್ಟವಾಗಿತ್ತು. ಇದ್ದಿದ್ದರೆ ಕೊಟ್ಟುಬಿಡುತ್ತಿದ್ದಳೇನೋ. ಇಲ್ಲದಿದ್ದದ್ದೇ ಒಳ್ಳೆಯದಾಯಿತು.

ಮಧ್ಯಾಹ್ನ ಮೂರಕ್ಕೆ ಆಟೋದಲ್ಲಿ ಕ್ಲಿನಿಕ್ಕಿಗೆ ಹೋದರು. ಕವನಾ ಡ್ಯೂಟಿ ಸೀರೆಯಲ್ಲೇ ಬಂದು ಬಾಗಿಲ ಬಳಿ ನಿಂತಿದ್ದಳು. ವಿಷ್ಣು ಅವಳ ಪಕ್ಕ ಹೋಗಿ ನಿಂತ. ಅವಳು ಒಂದು ಹೆಜ್ಜೆ ಆಚೆ ಸರಿದಳು.

ಡಾಕ್ಟರು ಭಟ್ಟರ ನಾಡಿ ಹಿಡಿದು ಕೇಳಿದರು, "ಮಧ್ಯೆ ಏನಾದ್ರೂ ತಗೊಂಡಿದೀರಾ?"

"ಇಲ್ಲ" ಎಂದರು ಭಟ್ಟರು, ನಡುಗುತ್ತಾ.

ಡಾಕ್ಟರು ಕವನಾಳ ಕಡೆ ನೋಡಿದರು. ಕವನಾ ಸೀತಾಲಕ್ಷ್ಮಿಯ ಕಡೆ ನೋಡಿದಳು.

"ಅತ್ತೆ, ಏನಾದ್ರೂ ಕೊಟ್ರಾ?"

"ಇಲ್ಲ" ಎಂದಳು ಸೀತಾಲಕ್ಷ್ಮಿ. ಅವತ್ತು ಹೇಳಿದ್ದೂ ಇದೇ ಮಾತು. ದನಿಯೂ ಇದೇ. ನಿಜ ಹೇಳುವುದಕ್ಕೆ ಅವಳ ಹತ್ತಿರ ಬೇರೆ ಮಾತಿರಲಿಲ್ಲ.

ಕವನಾ ಮೇಜಿನ ಮೇಲಿದ್ದ ಟಾರ್ಚು ತೆಗೆದುಕೊಂಡು ಮಾವನ ಗಲ್ಲ ಎತ್ತಿ ಹಿಡಿದು, ಒಂದು ಕಣ್ಣು ನೋಡಿದಳು, ಇನ್ನೊಂದು ಕಣ್ಣು ನೋಡಿದಳು. ಕಿಟಕಿಯ ಪರದೆ ಎಳೆದು ಮತ್ತೊಮ್ಮೆ ನೋಡಿದಳು.

"ದೊಡ್ಡದಿದೆ ಸರ್."

ಡಾಕ್ಟರು ತಾವೂ ಒಮ್ಮೆ ಬಗ್ಗಿ ನೋಡಿ, ಮಾತ್ರೆಯ ಚೂರು ಕೊಟ್ಟರು. ಅರ್ಧ ಗಂಟೆ ಎಲ್ಲರೂ ಬೆಂಚಿನ ಮೇಲೆ ಕೂತರು. ಮುಕ್ಕಾಲು ಗಂಟೆಗೆ ಭಟ್ಟರ ಕಾಲು ಒದೆಯುವುದು ಕಡಿಮೆಯಾಯಿತು. ಒಂದು ಗಂಟೆಗೆ ಅವರು ಗೋಡೆಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಹೋದರು. ಕವನಾ ಅವರ ಹಣೆ ಮುಟ್ಟಿ ನೋಡಿದಳು. ಬೆವರಿರಲಿಲ್ಲ.

"ಮನೆಗೆ ಬಾ ಕವನಾ" ಎಂದಳು ಸೀತಾಲಕ್ಷ್ಮಿ. "ಬೆಳಿಗ್ಗೆ ನಿಂಗೂ ಸೇರಿಸಿ ಅನ್ನ ಮಾಡಿದೀನಿ."

"ಐದೂಕಾಲು ಬಸ್ಸು ಹಿಡೀಬೇಕು ಅತ್ತೆ. ನಾಳೆ ಎರಡನೇ ಡೋಸ್ ಇದೆಯಲ್ಲ, ಆಗ ಬಂದು ನೋಡ್ತೀನಿ." ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಕಣ್ಣು ನಾನೇ ನೋಡ್ತೀನಿ. ನಿಮ್ಮನ್ನ ಏನೂ ಕೇಳಲ್ಲ."